ನಾಲ್ಕು ಬೆರಳು ಗಿಡ್ಡ

ಸಂಸೆಯ ತೋಟದಲ್ಲಿ ಹೋದ ತಿಂಗಳು ರೋಬಸ್ಟಾ ಗಿಡಗಳ ಟಾಪಿಂಗ್ ನಡೆಯುತ್ತಿತ್ತು. ಎಳೆಯ ಕಾಫಿ ಗಿಡ ನಾಲ್ಕಡಿ ದಾಟಿದ ಮೇಲೆ ಅದರ ತಲೆ ಕತ್ತರಿಸಿ ಅಲ್ಲಿಗೇ ನಿಲ್ಲಿಸುವ ಕೆಲಸ ಅದು. ಹಾಗೆ ಮಾಡದಿದ್ದರೆ ಗಿಡ ಮುಗಿಲು ನೋಡುತ್ತಾ ಬೆಳೆದು ಹಣ್ಣು ಕೈಗೆ ಸಿಗುವುದಿಲ್ಲ. ನಾನು ಆ ತೋಟದ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದು, ಯಾರು ಯಾವ ಸಾಲಿನಲ್ಲಿ ಎಷ್ಟು ಕೆಲಸ ಮಾಡಿದರು ಎಂದು ಬರೆದಿಡುವುದು ನನ್ನ ಪಾಲಿನದು. ಎಲ್ಲರ ಕೈಗೂ ಅಳತೆಯ ಕೋಲು ಕೊಟ್ಟಿದ್ದೆ. ಗುಲಾಬಿ ಎಂಬ ಹೆಂಗಸು ಮಾತ್ರ ಕೋಲನ್ನು ಪಕ್ಕಕ್ಕೆ ಒರಗಿಸಿಟ್ಟು, ತಾನೇ ಗಿಡಕ್ಕೆ ಮೈ ತಾಗಿಸಿ ನಿಂತು, ಎದೆಯ ಮೇಲೆ ಅಂಗೈ ಅಡ್ಡ ಇಟ್ಟಳು. ಆ ಅಂಗೈಯನ್ನು ಅದೇ ಮಟ್ಟದಲ್ಲಿ ಕಾಂಡಕ್ಕೆ ತಂದು ಕಚಕ್ ಎಂದು ಕತ್ತರಿ ಹಾಕಿದಳು. ಎಳೆ ಕಾಂಡದ ಹಸಿ ವಾಸನೆ ಮೂಗಿಗೆ ಬಡಿಯಿತು.

"ಗುಲಾಬಕ್ಕ, ಕೋಲು ಕೊಟ್ಟಿದ್ದು ಎಂತಕ್ಕೆ?" ಎಂದು ಕೂಗಿದೆ. ಕೂಗಿದ ಮೇಲೆ ಆ ದನಿಯ ಗುರುತು ಸಿಕ್ಕಿತು. ನಾಲ್ಕು ವರ್ಷದ ಹಿಂದೆ, ಇದೇ ಸೆಪ್ಟೆಂಬರಿನಲ್ಲಿ, ಇದೇ ಮಾತನ್ನು ಇದೇ ದನಿಯಲ್ಲಿ ನನ್ನ ಅವ್ವನಿಗೆ ಹೇಳಿದ್ದೆ.

ಇನ್ನೊಂದು ವಿಷಯವೂ ಆ ಕ್ಷಣದಲ್ಲೇ ಹೊಳೆಯಿತು. ನಾಲ್ಕು ವರ್ಷ ಯಾರಿಂದಲೂ ಖಚಿತ ಉತ್ತರ ಸಿಗದ ಒಂದು ಪ್ರಶ್ನೆಗೆ ಉತ್ತರ ಜಾವಳಿಯ ನಮ್ಮ ಹಳೆಯ ತೋಟದಲ್ಲಿ, ಗಿಡಗಳ ಮೇಲೇ ಇದೆ. ರಜೆಯ ದಿನ ದರ್ಜಿಯ ಟೇಪು, ಹಳೆಯ ಡೈರಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆ. ಕಳಸ, ಕೊಟ್ಟಿಗೆಹಾರ ಎಂದು ಬಸ್ಸು ಬದಲಿಸುತ್ತಾ ಹೋಗುವಾಗ ದಾರಿಯುದ್ದಕ್ಕೂ ಆ ವರ್ಷವೇ ಕಣ್ಣ ಮುಂದೆ ಇತ್ತು.

ಜಾವಳಿಯ ಹತ್ತಿರದ ಆ ತೋಟದ ಕೂಲಿಯಾಳುಗಳ ಲೈನ್ ಮನೆಯಲ್ಲೇ ನಾನು ಹುಟ್ಟಿದ್ದು. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡಿದ್ದ. ಅವ್ವ, ಅಂದರೆ ಜಲಜ, ಅದೇ ತೋಟದ ಕೆಲಸದಲ್ಲಿ ನನ್ನನ್ನು ಮೂಡಿಗೆರೆಯಲ್ಲಿ ಬಿ.ಕಾಂ. ಓದಿಸಿದಳು. ಓದು ಮುಗಿದ ಮೇಲೆ ಅದೇ ತೋಟಕ್ಕೆ ನಾನು ರೈಟರ್ ಆದೆ. ಹಾಗಾಗಿ ದಿನಾ ಬೆಳಿಗ್ಗೆ ಹಾಜರಿಯ ಮಸ್ಟರ್ ಹಿಡಿದು ನಿಂತು ಹೆತ್ತವಳ ಹೆಸರನ್ನೇ ಕೂಗಬೇಕಾಗುತ್ತಿತ್ತು.

"ಜಲಜ."

"ಬಂದೀನಿ ರೈಟ್ರಮ್ಮಾ, ನಿಮ್ಗೆ ದೋಸೆ ಹುಯ್ದು ಕೊಟ್ಟೇ ಬಂದೀನಿ" ಎನ್ನುತ್ತಿದ್ದಳು ಅವ್ವ. ಇಡೀ ಸಾಲು ನಗುತ್ತಿತ್ತು. ನನಗೆ ಮುಜುಗರ, ಅವಳಿಗೆ ಅದರಲ್ಲೇ ಹೆಮ್ಮೆ.

ಟಾಪಿಂಗ್ ಎಂದರೆ ಆ ತೋಟದಲ್ಲಿ ಅವ್ವನೇ. ಅಳತೆಯ ಕೋಲು ಅವಳಿಗೆ ಬೇಕಿರಲಿಲ್ಲ. ಗಿಡಕ್ಕೆ ಎದೆ ಕೊಟ್ಟು ನಿಂತು ಅಂಗೈ ಇಟ್ಟರೆ ಸರಿಯಾಗಿ ನಾಲ್ಕಡಿ. ಶೇಷಪ್ಪ ಮೇಸ್ತ್ರಿ ಆಗಾಗ ಕೋಲು ಹಿಡಿದು ಪರೀಕ್ಷೆ ಮಾಡಿ, "ಈ ಹೆಂಗ್ಸಿನ ಎದೆಮಟ್ಟ ಸರ್ಕಾರಿ ಸರ್ವೇಗಿಂತ ಕರೆಕ್ಟು ಮಾರಾಯ" ಎಂದು ತಲೆಯಾಡಿಸುತ್ತಿದ್ದ.

ನನಗೂ ಆ ಲೈನಿನಲ್ಲಿ ಒಂದು ಹೆಸರಿತ್ತು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೊಸಿಲ ಬಳಿ, ಎಡಗಾಲಿನಿಂದ, ಮೂರು ಸಲ. ಆರನೇ ವಯಸ್ಸಿಗೇ ನನ್ನ ಪ್ರಾಕ್ಟೀಸ್ ಶುರುವಾಗಿತ್ತು. ಮೂಟೆ ಹೊತ್ತು ಸೊಂಟ ಹಿಡಿದವರು, ಏಣಿಯಿಂದ ಜಾರಿದವರು, ಎಲ್ಲರೂ ಬಾಳೆಹಣ್ಣು ಬೆಲ್ಲ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಎಲ್ಲರನ್ನೂ ಬೈಯುವ ಶೇಷಪ್ಪ ಮೇಸ್ತ್ರಿಗೆ ಒದೆಯುವ ಅವಕಾಶ ಇಡೀ ಲೈನಿನಲ್ಲಿ ನನ್ನೊಬ್ಬಳಿಗೇ ಸಿಕ್ಕಿತ್ತು. ಅದನ್ನು ನಾನು ಚೆನ್ನಾಗಿಯೇ ಉಪಯೋಗಿಸಿಕೊಂಡಿದ್ದೆ. ಕಾಲೇಜು ಮುಗಿದ ಮೇಲೆ ನಾಚಿಕೆಯಾಯಿತು. ಓದಿದವಳೆಂಬ ಕೊಬ್ಬು ಬೇರೆ. ಇನ್ನು ಯಾರ ಬೆನ್ನಿಗೂ ಕಾಲಿಡುವುದಿಲ್ಲ ಎಂದು ಹೇಳಿಬಿಟ್ಟಿದ್ದೆ.

ಆ ವರ್ಷ ಮಳೆ ಸೆಪ್ಟೆಂಬರಿನ ಮೊದಲ ವಾರಕ್ಕೆ ಸ್ವಲ್ಪ ಹೊಳವು ಕೊಟ್ಟಿತು. ಗುಡ್ಡದ ಮೇಲಿನ ಹೊಸ ಪ್ಲಾಟಿನ ಗಿಡಗಳು ಟಾಪಿಂಗಿಗೆ ಬಂದಿದ್ದವು. ಐವತ್ತೆಂಟು ಸಾಲು. ಸೋಮವಾರ ಅವ್ವ ಕತ್ತರಿ ಹಿಡಿದು ಹತ್ತಿದಳು. ದಿನಕ್ಕೆ ಆರು ಸಾಲಿನಂತೆ ಕೆಲಸ ಸಾಗಿತು. ನಾನು ಸಂಜೆ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ: ಸೋಮವಾರ ಒಂದರಿಂದ ಆರು, ಮಂಗಳವಾರ ಏಳರಿಂದ ಹನ್ನೆರಡು, ಹೀಗೆ.

ಮಳೆಗಾಲ ಶುರುವಾದಾಗಿನಿಂದಲೇ ಅವ್ವ ಬಿಳಿಚಿಕೊಂಡಿದ್ದಳು ಎಂಬುದು ಈಗ ನೆನಪಾಗುತ್ತದೆ. ಗುಡ್ಡ ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಐವತ್ತಮೂರು ವಯಸ್ಸಾಯಿತಲ್ಲ, ರಕ್ತ ಕಡಿಮೆ ಇರಬಹುದು ಎಂದು ಮೆಡಿಕಲ್ಲಿನಿಂದ ಟಾನಿಕ್ ತಂದುಕೊಟ್ಟಿದ್ದೆ. ಅಷ್ಟಕ್ಕೇ ಮಗಳ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ, ಇಪ್ಪತ್ತೇಳನೇ ಸಾಲು ಮುಗಿಸಿ ಮುಂದಿನ ಸಾಲಿಗೆ ಹೋಗುವಾಗ, ನೀರು ಇಂಗಲೆಂದು ತೆಗೆದ ಗುಂಡಿಯೊಂದನ್ನು ದಾಟಿದಳಂತೆ. ಬೀಳಲಿಲ್ಲ, ಜಾರಲೂ ಇಲ್ಲ. ಬೆನ್ನಲ್ಲಿ ಚಳಕ್ ಎಂದಿತು. ಸಂಜೆ ಮನೆಗೆ ಬಂದವಳೇ ಕೇಳಿದಳು. "ಉಳುಕಿದೆ ಕಣೆ. ಒಂಚೂರು ಕಾಲಿಡು."

"ಅವ್ವಾ, ಎಂತ ಅದು? ಎಣ್ಣೆ ಹಚ್ತೀನಿ ಬಾ."

"ಎಣ್ಣೆಗೆ ಹೋಗೋದಲ್ಲ ಇದು. ಊರೋರಿಗೆಲ್ಲ ಇಟ್ಟೀಯ, ಹೆತ್ತೋಳಿಗೆ ಇಡಕ್ಕೆ ಎಂತ ಬ್ಯಾನೆ ನಿಂಗೆ?"

ಶನಿವಾರ ಅವಳು ಐದೇ ಸಾಲು ಮುಗಿಸಿದಳು, ಮೂವತ್ತೈದರವರೆಗೆ. ಭಾನುವಾರ ಬೆಳಿಗ್ಗೆ ನಾನು ಮೂಡಿಗೆರೆಗೆ ಹೊರಟು ನಿಂತಿದ್ದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವ ಹೊಸಿಲ ಪಕ್ಕ ಚಾಪೆ ಹಾಕಿ ಬೋರಲು ಮಲಗಿಬಿಟ್ಟಿದ್ದಳು. ದಾಟಿ ಹೋಗುವ ಹಾಗಿರಲಿಲ್ಲ. ಚಪ್ಪಲಿ ಬಿಟ್ಟು ಎಡಗಾಲು ಎತ್ತಿದೆ. ಒಂದು ಸಲ ತಾಗಿಸಿದೆ, ಇನ್ನೊಂದು ಸಲ ತಾಗಿಸಿದೆ. "ಸರಿಯಾಗಿ ಇಡೇ, ಇರುವೆ ತುಳಿದಂಗೆ ಮಾಡ್ಬೇಡ" ಎಂದಳು. ಸಿಡುಕಿನಿಂದ ಮೂರನೆಯ ಸಲ ಮೈಭಾರ ಬಿಟ್ಟೆ.

ಒಂದು ಸದ್ದಾಯಿತು. ಹೆಚ್ಚಿನದಲ್ಲ, ಬೆರಳು ನೆಟಿಗೆ ಮುರಿದಷ್ಟು. ನನ್ನ ಅಂಗಾಲಿಗೆ ಅದು ಗೊತ್ತಾಯಿತು.

ಅವ್ವ ಚಾಪೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ನಿಧಾನಕ್ಕೆ ಮಗ್ಗುಲಾಗಿ, "ಹಾಂ, ಬಿಡ್ತು ನೋಡು" ಎಂದಳು. ಕಣ್ಣಲ್ಲಿ ನೀರಿತ್ತು. ಉಳುಕು ಬಿಟ್ಟ ನೀರು ಎಂದುಕೊಂಡು ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಕೂತು, ನನ್ನ ಕಾಲಿಗೆ ಇನ್ನೂ ಗುಣ ಇದೆ ಎಂದು ಒಳಗೊಳಗೇ ಖುಷಿಪಟ್ಟಿದ್ದೂ ನಿಜ.

ಸೋಮವಾರ ಅವ್ವ ಮೂವತ್ತಾರನೇ ಸಾಲಿನಿಂದ ಶುರು ಮಾಡಿ ಗುರುವಾರಕ್ಕೆ ಪ್ಲಾಟ್ ಮುಗಿಸಿದಳು. ಶುಕ್ರವಾರ ಸಾವ್ಕಾರ್ರು ತೋಟ ಸುತ್ತಲು ಬಂದರು. ಗುಡ್ಡದ ಮೇಲಿನ ಕೊನೆಯ ಸಾಲುಗಳ ಹತ್ತಿರ ನಿಂತು, ಕೈಯಲ್ಲಿದ್ದ ಕೋಲನ್ನು ಗಿಡಕ್ಕೆ ಹಿಡಿದು, "ಏನಮ್ಮ ರೈಟರ್, ಇದು ನಾಲ್ಕು ಬೆರಳು ಗಿಡ್ಡ ಇದೆಯಲ್ಲ?" ಎಂದರು. ಗದರಲಿಲ್ಲ. ಕೇಳಿದರು, ಅಷ್ಟೆ. ಪಕ್ಕದ ಗಿಡವೂ ಹಾಗೇ, ಅದರ ಪಕ್ಕದ್ದೂ ಹಾಗೇ. ಕತ್ತರಿಸಿದ ತಲೆಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ತಾಯಿ ಎಂದು ರಿಯಾಯಿತಿ ಕೊಟ್ಟಳು ಎಂದು ನಾಳೆ ಯಾರಾದರೂ ಅಂದರೆ?

ಮಾರನೇ ದಿನ ಹಾಜರಿಯ ಹೊತ್ತಿಗೆ, ಎಲ್ಲರೂ ನಿಂತಿರುವಾಗ, ಸಿಲ್ವರ್ ಮರದ ಕೊಂಬೆಯಿಂದ ಮಾಡಿದ ಅಳತೆಯ ಕೋಲೊಂದನ್ನು ಅವ್ವನ ಕೈಗೆ ಕೊಟ್ಟೆ. "ಕೋಲು ಇರೋದು ಎಂತಕ್ಕೆ? ಕಣ್ಣು ಮಂಜಾದ್ರೆ ಹೇಳ್ಬೇಕು. ಸುಮ್ನೆ ಗಿಡ ಹಾಳ್ಮಾಡೋದಲ್ಲ."

ಯಾರೂ ನಗಲಿಲ್ಲ. ಅವ್ವ ಕೋಲನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಎದೆಮಟ್ಟ ಇಪ್ಪತ್ತು ವರ್ಷದಿಂದ ತಪ್ಪಿಲ್ಲ" ಎಂದಳು. ಶೇಷಪ್ಪ ಮೇಸ್ತ್ರಿ, "ಹೋಗ್ಲಿ ಬಿಡೇ ಶಶಿ" ಎಂದು ಗೊಣಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಆಡಿಯಾಗಿತ್ತು.

ಅವತ್ತಿನಿಂದ ಅವ್ವ ಬೆನ್ನುನೋವಿನ ಮಾತೇ ಎತ್ತಲಿಲ್ಲ. ವಯಸ್ಸಾಯಿತು, ಇನ್ನು ಇವಳ ಕೈಲಾಗದು ಎಂದು ಮಗಳ ಬಾಯಿಂದಲೇ ಕೇಳುವುದು ಅವಳಿಗೆ ಬೇಡವಾಗಿತ್ತು. ಮನೆಯಲ್ಲಿ ಗೋಡೆ ಹಿಡಿದು ಏಳುತ್ತಿದ್ದಳು. ನಾನು ನೋಡಿದರೆ ಗೋಡೆಯ ಧೂಳು ಒರೆಸಿದಂತೆ ಮಾಡುತ್ತಿದ್ದಳು. ಹೀಗೆ ಆರು ವಾರ ಕಳೆಯಿತು. ನವೆಂಬರಿನಲ್ಲಿ ಅರೇಬಿಕಾದ ಮೊದಲ ಕೊಯ್ಲಿನ ಮೂರನೇ ದಿನ, ಹಣ್ಣಿನ ಬುಟ್ಟಿ ಎತ್ತಲು ಬಗ್ಗಿದವಳು ಮತ್ತೆ ಏಳಲಿಲ್ಲ. ಕಾಲು ಬಿಟ್ಟ ಹಾಗೆ ನೆಲಕ್ಕೆ ಕೂತುಬಿಟ್ಟಳು. ಹಣ್ಣೆಲ್ಲ ಚೆಲ್ಲಿತು. "ಹಣ್ಣು ತುಳೀಬೇಡ್ರೇ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಮೂಡಿಗೆರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನುಮೂಳೆಯ ಎರಡು ಮಣಿಗಳು ಚಪ್ಪಟೆಯಾಗಿದ್ದವು. ರಕ್ತ ಇರಬೇಕಾದ್ದಕ್ಕಿಂತ ತೀರಾ ಕಡಿಮೆ. "ಬಿದ್ದಿದ್ರಾ?" ಎಂದು ಕೇಳಿದರು. "ಇಲ್ಲ" ಎಂದೆ. ಕಾಲಿನ ವಿಷಯ ಬಾಯಿಗೆ ಬರಲಿಲ್ಲ. ತಡ ಮಾಡದೆ ಮಂಗಳೂರಿಗೆ ಹೋಗಿ ಎಂದು ಚೀಟಿ ಬರೆದರು.

ಚಾರ್ಮಾಡಿ ಘಾಟಿಯ ಒಂದೊಂದು ತಿರುವಿನಲ್ಲೂ ಅವ್ವ ನನ್ನ ಮುಂಗೈಯನ್ನು ಉಗುರು ಊರುವ ಹಾಗೆ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ತೂಕ, ಎತ್ತರ ಬರೆದುಕೊಂಡಳು. ಅಳತೆ ಕೇಳಿ ಅವ್ವನಿಗೆ ಸಿಟ್ಟೇ ಬಂತು. "ನಾನು ಅಷ್ಟು ಗಿಡ್ಡ ಇಲ್ಲ. ಇನ್ನೊಂದ್ಸಲ ನೋಡಮ್ಮ." ಇನ್ನೊಂದು ಸಲ ನೋಡಿದರೂ ಅಷ್ಟೇ ಇತ್ತು. ಮೂಳೆಯ ಮಣಿಗಳು ಕುಸಿದರೆ ಮನುಷ್ಯ ಅಷ್ಟು ಗಿಡ್ಡ ಆಗುತ್ತಾನೆ ಎಂದು ನರ್ಸ್ ಸಮಾಧಾನದಿಂದ ಹೇಳಿದಳು.

ಗಿಡಗಳ ವಿಷಯ ನನಗೆ ಆಗ ತಲೆಗೆ ಹೋಯಿತು. ಅವ್ವ ತಪ್ಪು ಕತ್ತರಿಸಿರಲಿಲ್ಲ. ಎದೆಮಟ್ಟಕ್ಕೇ ಕತ್ತರಿಸಿದ್ದಳು. ಎದೆಯೇ ಕೆಳಗಿಳಿದಿತ್ತು. ಅಷ್ಟು ಜನರ ಮುಂದೆ ನಾನು ಅವಳ ಕೈಗೆ ಕೋಲು ಕೊಟ್ಟಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತೆ.

ಸೊಂಟದ ಮೂಳೆಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದರು. ಮೊದಲ ವರದಿ ಬೇಗ ಬಂತು. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ಇದಕ್ಕೆ ಮಲ್ಟಿಪಲ್ ಮೈಲೋಮಾ ಅಂತ ಹೆಸರು. ರಕ್ತದ ಕ್ಯಾನ್ಸರ್. ಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ಅಂತ ಉಂಟು, ಸೋಂಕು ಬಂದರೆ ಅದರ ಜೊತೆ ಹೋರಾಡುದು ಅದರ ಕೆಲಸ. ಅದೇ ಈಗ ಮಿತಿಮೀರಿ ಬೆಳೆದು ಮೂಳೆಯನ್ನು ಒಳಗಿಂದ ತಿನ್ತಾ ಉಂಟು." ಚಿಕಿತ್ಸೆ ಕೂಡಲೇ ಶುರು ಮಾಡುವ, ಇನ್ನೊಂದು ವರದಿ ಬರಲಿಕ್ಕುಂಟು, ರೋಗದ ಸ್ವಭಾವ ಎಂಥದ್ದು ಎಂದು ಅದರಲ್ಲಿ ತಿಳಿಯುತ್ತದೆ ಎಂದರು.

ಆ ಇನ್ನೊಂದು ವರದಿಗಾಗಿ ಕಾದ ಮೂರು ವಾರ ನನ್ನ ಜೀವನದಲ್ಲೇ ಉದ್ದದ್ದು. ತೋಟದಲ್ಲಿ ಕೊಯ್ಲು ಭರದಿಂದ ಸಾಗಿತ್ತು. ಬೆಳಿಗ್ಗೆ ಹಾಜರಿ ಕೂಗುವಾಗ ಜಲಜ ಎಂಬ ಹೆಸರು ಬರುತ್ತಿತ್ತು. ಅದನ್ನು ದಾಟಿ ಮುಂದಿನ ಹೆಸರಿಗೆ ಹೋಗಲು ನಾಲಿಗೆ ಏಳುತ್ತಿರಲಿಲ್ಲ. ಒಂದು ದಿನ ಮರೆತು ಕೂಗಿಯೇಬಿಟ್ಟೆ. ಸಾಲಿನ ಹಿಂದಿನಿಂದ ಶೇಷಪ್ಪ ಮೇಸ್ತ್ರಿ, "ಮನೇಲಿ ಅವಳೆ, ಬರ್ಕೊ" ಎಂದ.

ವರದಿ ಡಿಸೆಂಬರಿನಲ್ಲಿ ಬಂತು. ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೋರಿಸಿದರು. ಕತ್ತಲೆಯಲ್ಲಿ ನೀಲಿ ಉಂಡೆಗಳು, ಅವುಗಳ ಒಳಗೆ ಕೆಂಪು, ಹಸಿರು ಚುಕ್ಕೆಗಳು. "ನಮ್ಮ ಪ್ರತಿ ಕೋಶದಲ್ಲೂ ಕ್ರೋಮೋಸೋಮ್ ಅಂತ ಇಪ್ಪತ್ತಮೂರು ಜೋಡಿ. ಒಂದನೇ ಕ್ರೋಮೋಸೋಮಿನ ಉದ್ದದ ತೋಳಲ್ಲಿ ಒಂದು ಜಾಗ ಉಂಟು, ಆ ಜಾಗಕ್ಕೆ ಈ ಕೆಂಪು ಚುಕ್ಕೆ. ಜೋಡಿ ಅಂದ ಮೇಲೆ ಎರಡೇ ಇರಬೇಕು. ಇಲ್ಲಿ ಎಣಿಸಿ ನೋಡಿ."

ನಾನು ಎಣಿಸಿದೆ. ಒಂದು ಉಂಡೆಯಲ್ಲಿ ನಾಲ್ಕು. ಇನ್ನೊಂದರಲ್ಲಿ ಐದು. ಮತ್ತೊಂದರಲ್ಲಿ ನಾಲ್ಕು.

"ಆಂಪ್ಲಿಫಿಕೇಷನ್ ಅಂತ ಹೇಳ್ತೇವೆ. ಅದೇ ತುಂಡು ಮತ್ತೆ ಮತ್ತೆ ನಕಲಾಗಿದೆ. ಕೋಶವನ್ನು ಬೆಳೆಸುವ, ಔಷಧಕ್ಕೆ ಬಗ್ಗದ ಹಾಗೆ ಮಾಡುವ ಜೀನ್‌ಗಳು ಆ ತುಂಡಲ್ಲಿ ಉಂಟು. ಮೂರು ಇದ್ದರೂ ಸ್ವಲ್ಪ ಹಠದ ರೋಗ. ನಾಲ್ಕು, ಅದಕ್ಕಿಂತ ಮೇಲೆ ಇದ್ದರೆ ಜಾಸ್ತಿ ಹಠ."

ನಾನು, "ಇದು ನನಗೂ ಬರುತ್ತಾ?" ಎಂದು ಕೇಳಿದೆ. ಅಂಥ ಹೊತ್ತಿನಲ್ಲೂ ಮನುಷ್ಯ ಮೊದಲು ತನ್ನನ್ನೇ ನೋಡಿಕೊಳ್ಳುತ್ತಾನೆ. ಇಲ್ಲ, ಇದು ಹುಟ್ಟಿನಿಂದ ಬಂದದ್ದಲ್ಲ, ಆ ಕೆಟ್ಟ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ ಎಂದರು.

ಅವ್ವ ಸೊಂಟಕ್ಕೆ ಬಿಗಿದ ಬೆಲ್ಟಿನೊಳಗೆ ನೆಟ್ಟಗೆ ಕೂತಿದ್ದಳು. "ಡಾಕ್ಟ್ರಮ್ಮ, ಹೆಚ್ಚಿಗೆ ಬಂದಿದ್ದನ್ನ ಚಿವುಟಿ ಹಾಕಕ್ಕೆ ಆಗಲ್ವಾ? ನಾವು ಕಂಬಚಿಗುರು ತೆಗೀತೀವಲ್ಲ, ಹಂಗೆ?"

ಡಾಕ್ಟರಮ್ಮ ನನ್ನ ಮುಖ ನೋಡಿದರು. ತಲೆ ಕತ್ತರಿಸಿದ ಕಾಫಿ ಗಿಡ ಕಾಂಡದಿಂದ ನೆಟ್ಟಗೆ ಮೇಲಕ್ಕೆ ಚಿಗುರು ಎಬ್ಬಿಸುತ್ತದೆ, ಅದು ಗಿಡದ ಸತ್ವ ಹೀರುತ್ತದೆ, ಕಂಡ ಕೂಡಲೇ ಕೈಯಲ್ಲಿ ಮುರಿದು ಹಾಕುತ್ತೇವೆ ಎಂದು ವಿವರಿಸಿದೆ.

"ಹಾಗೇ ಅಮ್ಮ. ಇಂಜೆಕ್ಷನ್ ಕೊಡುದು ಅದಕ್ಕೇ. ತೆಗೀಬಹುದು. ಆದ್ರೆ ಈ ಜಾತಿಯದ್ದು ತೆಗೆದ ಹಾಗೆ ಬೇಗ ಬೇಗ ಬರ್ತದೆ."

"ತೆಗೆದಷ್ಟೂ ಬರ್ತದೆ. ಗೊತ್ತು" ಎಂದಳು ಅವ್ವ. ಅರ್ಥ ಮಾಡಿಕೊಳ್ಳಲು ಅವಳಿಗೆ ಅಷ್ಟು ಸಾಕಾಯಿತು. ನಾನು ಆಮೇಲೆ ಫೋನಿನಲ್ಲಿ ಎಷ್ಟೆಲ್ಲ ಓದಿದರೂ ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ನರ್ಸ್ ಅವಳನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಹೋದ ಮೇಲೆ ನಾನು ಡಾಕ್ಟರಮ್ಮನ ಕೋಣೆಗೆ ವಾಪಸು ಹೋದೆ. ಕಾಲಿಟ್ಟದ್ದನ್ನು ಹೇಳಿದೆ. ಮೂರನೆಯ ಸಲ, ಮೈಭಾರ, ಸದ್ದು, ಎಲ್ಲವನ್ನೂ. ಆರು ವಾರ ತಡವಾದದ್ದನ್ನೂ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ.

"ಆ ಮೂಳೆ ಸೀನಿದ್ರೂ ಕುಸೀತಿತ್ತು. ನಿಮ್ಮ ಕಾಲಿಂದ ಕುಸಿಯಿತಾ, ಮೊದಲೇ ಕುಸಿದಿತ್ತಾ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಆರು ವಾರ ಮೊದಲು ಬಂದಿದ್ರೆ ಬೆನ್ನು ಸ್ವಲ್ಪ ಉಳೀತಿತ್ತೋ ಏನೋ. ರೋಗದ ಸ್ವಭಾವ ಬದಲಾಗ್ತಿರ್ಲಿಲ್ಲ. ರೋಗ ನೀವು ತಂದದ್ದಲ್ಲ." ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು. "ಇನ್ನು ಯಾರ ಬೆನ್ನಿಗೂ ಕಾಲಿಡಬೇಡಿ, ಆಯ್ತಾ?"

ಆಮೇಲೆ ವಾರಕ್ಕೊಮ್ಮೆ ಘಾಟಿ ಇಳಿದು ಹತ್ತಿದೆವು. ಹೊಟ್ಟೆಗೆ ಒಂದು ಇಂಜೆಕ್ಷನ್, ಮನೆಯಲ್ಲಿ ನುಂಗಲು ಮಾತ್ರೆ, ಮೂಳೆ ಗಟ್ಟಿಯಾಗಲು ತಿಂಗಳಿಗೊಂದು ಡ್ರಿಪ್. ಅದರಲ್ಲಿ ಒಂದು ಮಾತ್ರೆ ನುಂಗಿದ ದಿನ ಅವ್ವನಿಗೆ ಎಲ್ಲಿಲ್ಲದ ಹಸಿವು, ಎಲ್ಲಿಲ್ಲದ ಮಾತು. ನನ್ನ ಕೈಯಡುಗೆಗೆ ಒಂದೊಂದು ಕೊರತೆ ಹೇಳುತ್ತಾ ಎರಡು ಸಲ ಬಡಿಸಿಕೊಳ್ಳುತ್ತಿದ್ದಳು. ಮಾರನೇ ದಿನ ಬಾಳೆಲೆ ಬಾಡಿದ ಹಾಗೆ ಬಾಡಿ ಮಲಗುತ್ತಿದ್ದಳು. ಜನವರಿಯ ಹೊತ್ತಿಗೆ ನೋವು ಕಡಿಮೆಯಾಯಿತು, ರಕ್ತ ಏರಿತು. ಸಾವ್ಕಾರ್ರು ಕಣದ ಅಂಚಿನಲ್ಲಿ ಒಂದು ಕುರ್ಚಿ ಹಾಕಿಸಿಕೊಟ್ಟರು. ಒಣಗುವ ಕಾಫಿಯನ್ನು ಕೆದಕಲು ಬರುವ ಕೋಳಿಗಳನ್ನು ಕೂತಲ್ಲಿಂದಲೇ ಅಟ್ಟುತ್ತಿದ್ದಳು. ಕೋಳಿ ಅಟ್ಟಲು ಅವಳ ಕೈಯಲ್ಲಿದ್ದದ್ದು ನಾನು ಕೊಟ್ಟ ಆ ಸಿಲ್ವರ್ ಕೋಲೇ. ಅದು ಕಂಡಾಗಲೆಲ್ಲ ನಾನು ಬೇರೆ ಕಡೆ ತಿರುಗಿ ಲೆಕ್ಕದ ಪುಸ್ತಕ ಬಿಡಿಸುತ್ತಿದ್ದೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಎಂಟು ದಿನಕ್ಕೆ ಗುಡ್ಡವೆಲ್ಲ ಬಿಳಿ, ಕಾಫಿ ಹೂವಿನ ವಾಸನೆಗೆ ತಲೆ ತಿರುಗುವಂತಿತ್ತು. ಕಣದಲ್ಲಿ ನಾವಿಬ್ಬರೇ ಇದ್ದೆವು. ನಾನು ಅವಳ ಕುರ್ಚಿಯ ಪಕ್ಕ ನೆಲಕ್ಕೆ ಕೂತು, ಮುಖ ನೋಡದೆ ಹೇಳಿದೆ.

"ಅವ್ವಾ, ನಿನ್ನ ಬೆನ್ನು ಮುರಿದಿದ್ದು ನಾನೇ ಇರ್ಬೇಕು. ಆವತ್ತು ಸದ್ದಾಯ್ತು."

ಅವಳು ಕೋಲು ಬೀಸಿ ಒಂದು ಕೋಳಿಯನ್ನು ಅಟ್ಟಿದಳು. "ನೀನು ಕಾಲಿಡೋಕೆ ಮುಂಚೇನೇ ಹೋಗಿತ್ತು ಕಣೆ. ಶುಕ್ರವಾರ ಗುಂಡಿ ದಾಟುವಾಗ್ಲೇ. ಆವತ್ತು ಸಂಜೇನೇ ಸೀರೆ ನೆಲ ಗುಡಿಸ್ತಿತ್ತು. ನಾನೇ ಎತ್ತಿ ಕಟ್ಕಂಡೆ."

"ಸುಳ್ಳು ಹೇಳ್ಬೇಡ."

"ಸುಳ್ಳು ಹೇಳಿ ನಂಗೆಂತ ಆಗ್ಬೇಕು ಮಾರಾಯ್ತಿ? ನೀನು ಹುಟ್ಟುವಾಗ ಕಾಲು ಮುಂದಿಟ್ಟು ಬಂದೆ. ಎರಡು ದಿನ ಒದ್ದಾಡಿದೆ. ಆವಾಗ್ಲೂ ನಾನು ಸಾಯ್ಲಿಲ್ಲ. ಈಗ ಆ ಕಾಲಿಗೆ ಸಾಯ್ತೀನಾ?" ಎಂದು ನಕ್ಕಳು. ನಗುವಾಗ ಬೆನ್ನು ಹಿಡಿದು, "ನಗಿಸ್ಬೇಡ ಹೋಗೇ" ಎಂದಳು.

ರೋಗ ಹದಿನಾಲ್ಕು ತಿಂಗಳು ತೆಪ್ಪಗಿತ್ತು. ಆಮೇಲೆ ಡಾಕ್ಟರಮ್ಮ ಹೇಳಿದ ಹಾಗೆಯೇ ಮತ್ತೆ ಚಿಗುರಿತು. ಔಷಧ ಬದಲಿಸಿದರು, ಅದೂ ಸ್ವಲ್ಪ ದಿನ ನಡೆಯಿತು. ಎರಡನೇ ಮಳೆಗಾಲ ಮುಗಿಯುವ ಮೊದಲೇ ಅವ್ವ ಹೋದಳು. ಆ ತೋಟದಲ್ಲಿ ಹಾಜರಿ ಕೂಗಲು ನನ್ನಿಂದ ಆಗಲಿಲ್ಲ. ಸಂಸೆಗೆ ಬಂದೆ. ಆದರೆ ಅವ್ವ ಕಣದಲ್ಲಿ ಹೇಳಿದ ಮಾತು ನಿಜವೋ, ಮಗಳು ಕೊರಗಬಾರದೆಂದು ಕಟ್ಟಿದ್ದೋ ಎಂಬುದು ಮಾತ್ರ ನನ್ನನ್ನು ಬಿಡಲಿಲ್ಲ. ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಎಡಗಾಲಿಗೆ ಚಪ್ಪಲಿ ಹಾಕುವಾಗ ಅದೇ ಯೋಚನೆ.

ಈಗ ಜಾವಳಿಯ ಆ ಗುಡ್ಡ ಹತ್ತಿದಾಗ, ಜೊತೆಗೆ ಬಂದಿದ್ದ ಶೇಷಪ್ಪ ಮೇಸ್ತ್ರಿ ಕೆಳಗಿನ ಬಂಡೆಯ ಮೇಲೆ ಕೂತುಬಿಟ್ಟ. ಅವನಿಗೂ ವಯಸ್ಸಾಗಿದೆ. "ಮೇಲಿನ ಸಾಲು ಅಂದ್ರೆ ಕೊಯ್ಲಿಗೆ ಮುದುಕಿಯರು ನಂಗೆ ನಂಗೆ ಅಂತ ಜಗಳ ಮಾಡಿ ಓಡ್ತಾವೆ ಶಶಿ. ಗಿಡ್ಡ ಗಿಡ, ಕೈಗೆ ಸುಲಭ. ಜಲಜನ ಸಾಲು ಅಂತಾನೇ ಕರೀತಾವೆ" ಎಂದ. ಟೇಪು ಯಾಕೆ ಎಂದು ಕೇಳಲಿಲ್ಲ.

ಗಿಡಗಳು ಮೈತುಂಬ ಹಸಿರು ಕಾಯಿ ಹೊತ್ತಿದ್ದವು. ಎಲೆ ಸರಿಸಿದರೆ ನಡುವೆ ಅವ್ವ ಕತ್ತರಿಸಿದ ಕಾಂಡದ ತುದಿ, ಒಣಗಿ ಗಂಟು ಕಟ್ಟಿದ್ದು, ಹಾಗೇ ಇತ್ತು. ಒಂದು ಗಿಡವನ್ನು ನಂಬಬಾರದೆಂದು ಸಾಲಿಗೆ ಹತ್ತು ಗಿಡ ಅಳೆದೆ. ಡೈರಿ ತೆರೆದಿಟ್ಟುಕೊಂಡು ಒಂದನೇ ಸಾಲಿನಿಂದ ಶುರು ಮಾಡಿದೆ. ನಾಲ್ಕಡಿ. ಹತ್ತನೇ ಸಾಲು, ನಾಲ್ಕಡಿ. ಇಪ್ಪತ್ತೇಳು, ನಾಲ್ಕಡಿ.

ಇಪ್ಪತ್ತೆಂಟನೇ ಸಾಲಿನಲ್ಲಿ ಟೇಪು ಎರಡು ಬೆರಳು ಕೆಳಗೆ ನಿಂತಿತು. ಶುಕ್ರವಾರ ಮಧ್ಯಾಹ್ನದ ಸಾಲು. ನಾನು ಕಾಲಿಡುವುದಕ್ಕೆ ಎರಡು ದಿನ ಮುಂಚೆ. ಅವ್ವ ಸುಳ್ಳು ಹೇಳಿರಲಿಲ್ಲ. ಅಲ್ಲೇ ಗಿಡ ಹಿಡಿದುಕೊಂಡು ಕೂತು ಜೋರಾಗಿಯೇ ಅತ್ತೆ. ನಾಲ್ಕು ವರ್ಷದ ಹೊರೆ ಇಳಿಯಿತು ಅನ್ನಿಸಿತು. ಅಷ್ಟಕ್ಕೇ ಎದ್ದು ಹೋಗಿಬಿಡಬಹುದಿತ್ತು. ಆದರೆ ನಾನು ರೈಟರ್, ಅರ್ಧ ಪ್ಲಾಟ್ ಅಳೆದು ಬಿಡುವುದು ಗೊತ್ತಿಲ್ಲ. ಮೂವತ್ತು, ಮೂವತ್ತಮೂರು, ಮೂವತ್ತೈದು, ಎಲ್ಲ ಕಡೆ ಅದೇ ಎರಡು ಬೆರಳು.

ಮೂವತ್ತಾರಕ್ಕೆ ಬಂದೆ. ಸೋಮವಾರ ಬೆಳಿಗ್ಗೆಯ ಸಾಲು, ನಾನು ಕಾಲಿಟ್ಟ ಮಾರನೇ ದಿನದ್ದು. ಹತ್ತು ಗಿಡ ಅಳೆದೆ. ನಂಬಿಕೆ ಬಾರದೆ ಇನ್ನೂ ಹತ್ತು ಗಿಡ ಅಳೆದೆ. ಅಲ್ಲಿಂದ ಕೊನೆಯ ಸಾಲಿನತನಕ ನಾಲ್ಕು ಬೆರಳು.

ಎರಡು ಬೆರಳು ರೋಗದ್ದು. ಎರಡು ಬೆರಳು ನನ್ನದು. ಅವ್ವನಿಗೆ ಎರಡೂ ಗೊತ್ತಿತ್ತು, ಒಂದನ್ನು ಮಾತ್ರ ಹೇಳಿದ್ದಳು.

"ಅಳತೆ ಸಿಕ್ತೇನೇ ಶಶಿ?" ಎಂದು ಕೆಳಗಿನಿಂದ ಶೇಷಪ್ಪ ಮೇಸ್ತ್ರಿ ಕೂಗಿದ.

"ಸಿಕ್ತು ಮೇಸ್ತ್ರಿ" ಎಂದೆ. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ.